ಲೈನಿನ ತಪ್ಪೋ, ಮೋಡೆಮ್ಮಿನ ತಪ್ಪೋ: ಒಂದು ಡಯಲ್‌ಅಪ್ ಪ್ರಕರಣ

ದೂರು ಸರಳವಾಗಿತ್ತು: ಇಂಟರ್‌ನೆಟ್ ಕನೆಕ್ಟ್ ಆಗುತ್ತದೆ, ನಿಲ್ಲುವುದಿಲ್ಲ. 2002ರ ಬೇಸಿಗೆಯ ಮಾತು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿ. ಮದುವೆ ಕಾಗದ, ಕರಪತ್ರ, ಪ್ರಾಜೆಕ್ಟ್ ರಿಪೋರ್ಟು ಮುಖ್ಯ ಕಸುಬು. ಜೊತೆಗೆ ಗಂಟೆ ಲೆಕ್ಕದ ಇಂಟರ್‌ನೆಟ್. ಮೂರು ಕಂಪ್ಯೂಟರಿಗೆ ಒಂದೇ ಫೋನ್ ಲೈನ್, ಆ ಲೈನಿನಲ್ಲಿ ಕರೆ ಮಾಡಿ ಇಂಟರ್‌ನೆಟ್ ಹಿಡಿಸುವ ಒಂದೇ ಮೋಡೆಮ್. ಮಾಲೀಕರು ಎಕ್ಸ್‌ಚೇಂಜಿನಲ್ಲಿ ದೂರು ಬರೆಸಿದ್ದರು. ಲೈನ್‌ಮನ್ ಬಂದು, ಟೆಸ್ಟ್ ಫೋನ್ ಸಿಕ್ಕಿಸಿ ಕಿವಿಗಿಟ್ಟು, "ಲೈನ್ ಕ್ಲೀನ್ ಇದೆ ಸಾರ್, ನಿಮ್ಮ ಮೋಡೆಮ್ಮೇ ಸರಿಯಿಲ್ಲ" ಅಂದ. ಕಂಪ್ಯೂಟರ್ ಕೊಟ್ಟವರು ಕಾರ್ಡ್ ತೆಗೆದು ಅದೇ ಜಾತಿಯ ಇನ್ನೊಂದನ್ನು ಕೂರಿಸಿ, "ಮೋಡೆಮ್ ಹೊಸದು, ಇನ್ನೇನಿದ್ದರೂ ಲೈನಿಂದು" ಅಂದರು. ಈ ಹಗ್ಗಜಗ್ಗಾಟ ನಡೆದಿರುವಾಗಲೇ ಪಿಯುಸಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳು ಬಂದವು. ಹಾಲ್‌ಟಿಕೆಟ್ ಹಿಡಿದ ಹುಡುಗರು ಮೆಟ್ಟಿಲವರೆಗೂ ನಿಂತಿದ್ದಾಗ ಸಂಪರ್ಕ ಮತ್ತೆ ಮತ್ತೆ ಕಡಿದುಹೋಯಿತು. ಮಾಲೀಕರು ನನಗೆ ಹೇಳಿ ಕಳಿಸಿದ್ದು ಆಮೇಲೆ. "ರಿಪೇರಿ ಆಮೇಲಾಗ್ಲಿ ಮಾರಾಯ್ರೆ, ಮೊದಲು ಯಾರದ್ದು ತಪ್ಪು ಅಂತ ಹೇಳಿ. ಯಾರ ಹತ್ರ ಜಗಳ ಆಡ್ಬೇಕು ಅಂತಾದ್ರೂ ಗೊತ್ತಾಗ್ಲಿ."

ಫೋನ್ ಲೈನ್ ಸೇರಿದ್ದ ಮುಖ್ಯ ಕಂಪ್ಯೂಟರ್ 433 ಮೆಗಾಹರ್ಟ್ಸ್ ಸೆಲೆರಾನ್, 64 ಎಂಬಿ ರ‍್ಯಾಮ್, ವಿಂಡೋಸ್ 98 ಎರಡನೇ ಆವೃತ್ತಿ. ಪೇಜ್‌ಮೇಕರ್, ಬರಹ, ನುಡಿ ಎಲ್ಲ ಅದರಲ್ಲೇ. ಪ್ಯಾರಲಲ್ ಪೋರ್ಟಿಗೆ ಸ್ಕ್ಯಾನರ್, ಸ್ಕ್ಯಾನರಿನ ಬೆನ್ನಿಗೆ ಪ್ರಿಂಟರ್. ಉಳಿದೆರಡು ಕಂಪ್ಯೂಟರಿಗೆ ಇಂಟರ್‌ನೆಟ್ ಹಂಚುತ್ತಿದ್ದದ್ದೂ ಇದೇ. ಅಂಗಡಿಯಲ್ಲಿ ಅತಿ ಹೆಚ್ಚು ದುಡಿಯುವ ಯಂತ್ರಕ್ಕೇ ಮೋಡೆಮ್ ಹಾಕಿದ್ದರು ಎನ್ನುವುದು ಗಮನದಲ್ಲಿರಲಿ.

ಕಾರ್ಡನ್ನು ಬಿಚ್ಚಿ ನೋಡಿದೆ. ಕಂಪ್ಯೂಟರಿನೊಳಗಿನ ಸ್ಲಾಟಿಗೆ ಕೂರಿಸುವ, ಅಂಗೈ ಅಗಲದ ಪಿಸಿಐ ಕಾರ್ಡು. ನಡುವೆ ಒಂದು ಚೌಕದ ಚಿಪ್, ಫೋನ್ ಸಾಕೆಟ್‌ಗಳ ಹತ್ತಿರ ಇನ್ನೊಂದು ಪುಟ್ಟ ಐಸಿ, ಒಂದಷ್ಟು ಕೆಪಾಸಿಟರ್. ಅರ್ಧ ಬೋರ್ಡು ಖಾಲಿ. ಮೆಮೊರಿ ಚಿಪ್ ಇಲ್ಲ, ಪ್ರೊಸೆಸರ್ ಅನ್ನಬಹುದಾದದ್ದು ಏನೂ ಇಲ್ಲ. 56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದ ವಸ್ತುವಿನೊಳಗೆ ಮೋಡೆಮ್ ಇರಲಿಲ್ಲ. ಮೋಡೆಮ್ ಇದ್ದದ್ದು ಜೊತೆಗೆ ಬಂದ ಸಿಡಿಯಲ್ಲಿ.

ಮೋಡೆಮ್ ಒಳಗೆ ಯಾರು ಏನು ಮಾಡುತ್ತಾರೆ

ಫೋನ್ ಲೈನಿಗೆ ಗೊತ್ತಿರುವುದು ದನಿ ಮಾತ್ರ, ಅದೂ ಸುಮಾರು 300ರಿಂದ 3400 ಹರ್ಟ್ಸ್ ತನಕ. ಅದರ ಮೇಲೆ ಅಂಕಿಗಳನ್ನು ಕಳಿಸಬೇಕೆಂದರೆ ನಾಲ್ಕು ಕೆಲಸ ಆಗಬೇಕು. ಮೊದಲನೆಯದು ಲೈನಿಗೆ ಅಂಟಿಕೊಳ್ಳುವುದು: ರಿಸೀವರ್ ಎತ್ತಿದಂತೆ ಮಾಡುವುದು, ರಿಂಗ್ ಗುರುತಿಸುವುದು, ಲೈನಿನ ವೋಲ್ಟೇಜನ್ನು ಕಂಪ್ಯೂಟರಿನಿಂದ ದೂರ ಇಡುವುದು. ಎರಡನೆಯದು ಕೋಡೆಕ್, ಲೈನಿನ ದನಿಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಸಂಖ್ಯೆ ಮಾಡುವುದು, ಸಂಖ್ಯೆಯನ್ನು ಮತ್ತೆ ದನಿ ಮಾಡುವುದು. ಮೂರನೆಯದು ನಿಜವಾದ ದುಡಿಮೆ. ನಾವೇ ಕಳಿಸಿದ ದನಿಯ ಪ್ರತಿಧ್ವನಿಯನ್ನು ಕಳೆದು, ಲೈನ್ ಕೆಡಿಸಿದ ಅಲೆಯನ್ನು ನೇರಮಾಡಿ, ಉಳಿದದ್ದರಿಂದ ಬಿಟ್‌ಗಳನ್ನು ಹೆಕ್ಕಬೇಕು. ಇದಕ್ಕೆಂದೇ ಡಿಎಸ್‌ಪಿ ಎಂಬ ಲೆಕ್ಕದ ಚಿಪ್ ಇರುತ್ತಿತ್ತು. ನಾಲ್ಕನೆಯದು ಕಂಟ್ರೋಲರ್: ಕಂಪ್ಯೂಟರ್ ಮೋಡೆಮ್ಮಿಗೆ ಕೊಡುವ ಎಟಿ ಆಜ್ಞೆಗಳನ್ನು ಅರ್ಥ ಮಾಡಿಕೊಳ್ಳುವುದು, ವಿ.42 ಎಂಬ ನಿಯಮದ ಪ್ರಕಾರ ತಪ್ಪು ತಿದ್ದುವುದು, ಡೇಟಾ ಕುಗ್ಗಿಸುವುದು.

ಪೂರ್ತಿ ಹಾರ್ಡ್‌ವೇರ್ ಮೋಡೆಮ್‌ನಲ್ಲಿ ಈ ನಾಲ್ಕೂ ಒಳಗೇ ಇರುತ್ತವೆ. ಕಂಪ್ಯೂಟರಿಗೆ ಅದು ಸೀರಿಯಲ್ ಪೋರ್ಟಿನ ಆಚೆಗಿನ ಒಂದು ಡಬ್ಬಿ, ಅಷ್ಟೆ. 1981ರಲ್ಲಿ ಹೇಯ್ಸ್ ಕಂಪನಿ ಸ್ಮಾರ್ಟ್‌ಮೋಡೆಮ್ ತಂದಾಗಿನಿಂದ ನಡೆದುಬಂದ ಪದ್ಧತಿ ಇದು. ತೊಂಬತ್ತರ ದಶಕದಲ್ಲಿ ಬೇರೆ ಲೆಕ್ಕಾಚಾರ ಶುರುವಾಯಿತು: ಪೆಂಟಿಯಂ ಪ್ರೊಸೆಸರ್ ಹೆಚ್ಚು ಹೊತ್ತು ಸುಮ್ಮನೆ ಕೂತಿರುತ್ತದೆ, ಮೋಡೆಮ್ಮಿನ ಕೆಲಸವನ್ನು ಅದರ ತಲೆಗೇ ಕಟ್ಟಿದರೆ ದುಬಾರಿ ಚಿಪ್‌ಗಳು ಉಳಿಯುತ್ತವಲ್ಲ? ಕೆಲವರು ಕಂಟ್ರೋಲರ್ ಮಾತ್ರ ಕಿತ್ತು ಡಿಎಸ್‌ಪಿ ಉಳಿಸಿಕೊಂಡರು. ಯುಎಸ್ ರೊಬಾಟಿಕ್ಸ್‌ನ ವಿನ್‌ಮೋಡೆಮ್, ಲುಸೆಂಟ್‌ನ ಎಲ್‌ಟಿ ಸರಣಿ ಈ ಗುಂಪಿನವು. ಇನ್ನು ಕೆಲವರು ಡಿಎಸ್‌ಪಿಯನ್ನೂ ಕಿತ್ತು, ಲೈನಿನ ಕೊಂಡಿ ಮತ್ತು ಕೋಡೆಕ್ ಎರಡನ್ನೇ ಕಾರ್ಡಿನಲ್ಲಿ ಬಿಟ್ಟರು. ಪಿಸಿಟೆಲ್‌ನ ಎಚ್‌ಎಸ್‌ಪಿ, ಮೊಟೊರೊಲಾದ ಎಸ್‌ಎಂ56, ಕೊನೆಕ್ಸಂಟ್‌ನ ಎಚ್‌ಎಸ್‌ಎಫ್ ಇವೆಲ್ಲ ಆ ಜಾತಿ, ಸಾಫ್ಟ್‌ಮೋಡೆಮ್ ಎನ್ನುವುದು ಇದನ್ನೇ. ಜನ ಎರಡನ್ನೂ ಒಟ್ಟಾಗಿ ವಿನ್‌ಮೋಡೆಮ್ ಎಂದು ಬೈಯುತ್ತಿದ್ದರು. ಅದು ಮೊದಲಿನವುಗಳಿಗೆ ಅನ್ಯಾಯ, ಯಾಕೆಂದರೆ ಡಿಎಸ್‌ಪಿ ಕಾರ್ಡಿನ ಮೇಲಿದ್ದರೆ ಈ ಪ್ರಕರಣದಂಥ ತೊಂದರೆ ಬಹುಮಟ್ಟಿಗೆ ಬರುವುದಿಲ್ಲ.

ನಮ್ಮ ಅಂಗಡಿಯ ಕಾರ್ಡು ಎರಡನೇ ಜಾತಿಯದು. ಬೆಲೆಯ ಅಂತರ ಸಣ್ಣದಲ್ಲ: ಆಗ ನಮ್ಮ ಕಡೆ ಒಂದು ಹೊರಗಿಡುವ ಸೀರಿಯಲ್ ಮೋಡೆಮ್ಮಿನ ದುಡ್ಡಿಗೆ ಇಂಥ ಮೂರ್ನಾಲ್ಕು ಕಾರ್ಡು ಬರುತ್ತಿದ್ದವು. ಕಂಪ್ಯೂಟರ್ ಕೊಟ್ಟವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಮೇಲ್ ನೋಡುವುದಕ್ಕೆ ಅದು ಧಾರಾಳ ಸಾಕು.

ಬಿಲ್ ಪುಸ್ತಕದ ಹಿಂಬದಿ

ಮೊದಲು ಕೇಳಿಕೊಂಡದ್ದು ಒಂದೇ. ಸಂಪರ್ಕ ಕಡಿದಾಗಲೆಲ್ಲ ಹೊತ್ತನ್ನೂ, ಆ ಗಳಿಗೆಯಲ್ಲಿ ಮುಖ್ಯ ಕಂಪ್ಯೂಟರಿನಲ್ಲಿ ಏನು ನಡೆದಿತ್ತು ಎಂಬುದನ್ನೂ ಬರೆದಿಡಿ. ಟೈಪಿಂಗ್ ಹುಡುಗಿ ಬಿಲ್ ಪುಸ್ತಕದ ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಳು: "ಫೋಟೋ ಸ್ಕ್ಯಾನ್", "ಫ್ಲಾಪಿ ಹಾಕಿದ್ದು", "ಪೇಜ್‌ಮೇಕರ್ ಸೇವ್", "ಫೋಟೋ ಸ್ಕ್ಯಾನ್", "ಏನೂ ಇಲ್ಲ, ಸುಮ್ನೆ ಕಟ್", ಮತ್ತೆ "ಫ್ಲಾಪಿ". ಈ ಪಟ್ಟಿ ನೋಡಿದ ಮೇಲೆ ಲೈನೊಂದೇ ಕಾರಣ ಎಂಬ ವಾದ ನಿಲ್ಲುವುದಿಲ್ಲ. ಕಂಬದ ಮೇಲಿನ ತಂತಿಗೆ ಇಲ್ಲಿ ಯಾರು ಫ್ಲಾಪಿ ಹಾಕಿದರು ಎಂದು ಹೇಗೆ ಗೊತ್ತಾಗಬೇಕು? ಆದರೆ "ಏನೂ ಇಲ್ಲ" ಎಂಬ ಸಾಲುಗಳೂ ಇದ್ದವು. ಅವನ್ನು ಪಕ್ಕಕ್ಕಿಟ್ಟೆ.

ಮುಂದಿನದು ವಿಂಡೋಸ್ ಬರೆದಿಡುವ ಮೋಡೆಮ್ ಲಾಗ್. ಅದರಲ್ಲಿ ಕನೆಕ್ಟ್ ಆದ ವೇಗ ಸಿಗುತ್ತದೆ. 56ಕೆ ಮೋಡೆಮ್‌ಗಳು ಮಾತಾಡುವ ಪದ್ಧತಿಯಾದ ವಿ.90ರ ವೇಗಗಳು 1333ರ ಮೆಟ್ಟಿಲಲ್ಲಿ ಏರುತ್ತವೆ: 40000, 41333, 42666, 44000. ಹಳೆಯ ವಿ.34ರವು 2400ರ ಮೆಟ್ಟಿಲು: 26400, 28800, 31200, 33600. ಅಂಕಿ ನೋಡಿಯೇ ಯಾವ ಪದ್ಧತಿಯಲ್ಲಿ ಮಾತು ಕುದುರಿದೆ ಎಂದು ತಿಳಿಯುತ್ತದೆ. ಲಾಗ್‌ನಲ್ಲಿ ಎರಡೂ ಬೆರೆತಿದ್ದವು. ಒಮ್ಮೆ 42666, ಇನ್ನೊಮ್ಮೆ 28800. ಒಂದೇ ಲೈನು, ಒಂದೇ ಮೋಡೆಮ್ ಇರುವಲ್ಲಿ ಇಷ್ಟು ಏರುಪೇರಾದರೆ ಲೈನಿನಲ್ಲೂ ಏನೋ ಇದೆ ಎಂದೇ ಅರ್ಥ. ಅಂದರೆ ರೋಗ ಎರಡು, ಲಕ್ಷಣ ಒಂದೇ. ಇಬ್ಬರೂ ತಮ್ಮ ವಾದ ಬಿಡದೆ ಹಿಡಿದದ್ದು ಅದಕ್ಕೇ.

ತಡವಾದರೆ ಏನಾಗುತ್ತದೆ

ಡಿವೈಸ್ ಮ್ಯಾನೇಜರ್ ತೆರೆದರೆ ಹಾರ್ಡ್‌ಡಿಸ್ಕಿನ ಡಿಎಂಎ ಚೌಕಕ್ಕೆ ಟಿಕ್ ಇರಲಿಲ್ಲ. ವಿಂಡೋಸ್ 98ರಲ್ಲಿ ಇದು ಸಾಮಾನ್ಯ ಕಾಯಿಲೆ. ಟಿಕ್ ಇಲ್ಲದಿದ್ದರೆ ಡಿಸ್ಕಿನಿಂದ ಬರುವ ಒಂದೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ತರಬೇಕು, ಆ ಹೊತ್ತಿನಲ್ಲಿ ಬೇರೆ ಯಾರು ಕರೆದರೂ ತಿರುಗಿ ನೋಡುವುದಿಲ್ಲ. ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಪಟ್ಟಿಯಿಂದ "ಪೇಜ್‌ಮೇಕರ್ ಸೇವ್" ಮಾಯವಾಯಿತು. ಸ್ಕ್ಯಾನರ್, ಫ್ಲಾಪಿ ಹಾಗೇ ಉಳಿದವು. ಪ್ಯಾರಲಲ್ ಪೋರ್ಟಿನ ಸ್ಕ್ಯಾನರು ಓಡುವಾಗ ಮೌಸ್ ಕೂಡ ತಡವರಿಸುವುದನ್ನು ಆ ಕಾಲದವರೆಲ್ಲ ನೋಡಿದ್ದಾರೆ. ಮೌಸ್ ತಡವರಿಸಿದರೆ ಸಹಿಸಿಕೊಳ್ಳಬಹುದು. ಸಾಫ್ಟ್‌ಮೋಡೆಮ್ ತಡವರಿಸುವಂತಿಲ್ಲ.

ಯಾಕೆ? ಕೋಡೆಕ್ ಲೈನಿನ ದನಿಯನ್ನು ಅಳೆಯುತ್ತಲೇ ಇರುತ್ತದೆ, ಅದಕ್ಕೆ ಬಿಡುವು ಎಂಬುದಿಲ್ಲ. ಅಳತೆಗಳು ಪುಟ್ಟ ಬಫರಿನಲ್ಲಿ ತುಂಬುತ್ತವೆ. ಆ ಬಫರ್ ತುಂಬಿ ಚೆಲ್ಲುವ ಮುಂಚೆ ಡ್ರೈವರ್ ಎದ್ದು, ಬಂದ ಅಲೆಯನ್ನು ಬಿಡಿಸಿ, ಹೋಗಬೇಕಾದ ಅಲೆಯನ್ನು ಕಟ್ಟಿ ಕೊಡಬೇಕು. ಬಫರನ್ನು ಬೇಕಾದಷ್ಟು ದೊಡ್ಡದು ಮಾಡುವಂತೆಯೂ ಇಲ್ಲ, ಆ ಬದಿಯ ಮೋಡೆಮ್ ಉತ್ತರಕ್ಕೆ ಕಾಯುವ ಸಮಯಕ್ಕೆ ಮಿತಿ ಇದೆ. ದೋಸೆ ಹುಯ್ಯುವವನನ್ನೇ ಗಲ್ಲಾಕ್ಕೂ ಕೂರಿಸಿದಂತೆ ಇದು. ಗಿರಾಕಿ ಕಮ್ಮಿ ಇದ್ದಾಗ ಏನೂ ಗೊತ್ತಾಗುವುದಿಲ್ಲ, ಒಬ್ಬ ಚಿಲ್ಲರೆಗೆ ನಿಂತನೆಂದರೆ ಕಾವಲಿ ಮೇಲಿನದು ಸೀದುಹೋಗುತ್ತದೆ. ಡ್ರೈವರ್ ತಡಮಾಡಿದರೆ ಲೈನಿನ ಮೇಲಿನ ಕ್ಯಾರಿಯರ್ ಅಲೆಯೇ ಒಂದು ಗಳಿಗೆ ಮುರಿಯುತ್ತದೆ. ಆ ಬದಿಯ ಮೋಡೆಮ್‌ಗೆ ತಾಳ ತಪ್ಪಿ, ಮತ್ತೆ ಹೊಂದಿಸಿಕೊಳ್ಳೋಣ ಎನ್ನುತ್ತದೆ. ಇದನ್ನು ರಿಟ್ರೇನ್ ಎನ್ನುತ್ತಾರೆ, ಹಲವು ಸೆಕೆಂಡ್ ತಗಲುತ್ತದೆ. ಆಗ ಸ್ಕ್ಯಾನರ್ ಇನ್ನೂ ಓಡುತ್ತಲೇ ಇದ್ದರೆ ರಿಟ್ರೇನ್ ಕೂಡ ಕೆಟ್ಟು, ಫೋನ್ ಇಟ್ಟುಬಿಡುತ್ತದೆ.

ಹಾರ್ಡ್‌ವೇರ್ ಮೋಡೆಮ್‌ಗೂ ಕಂಪ್ಯೂಟರ್ ತಡಮಾಡಬಹುದಲ್ಲ ಎಂದು ಕೇಳಬಹುದು. ಮಾಡುತ್ತದೆ. ಸೀರಿಯಲ್ ಪೋರ್ಟ್ ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿದ್ದರೆ ಸುಮಾರು 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. ಆ ಪೋರ್ಟನ್ನು ನಡೆಸುವ 16550 ಚಿಪ್ಪಿನ 16 ಬೈಟ್ ಬಫರ್ ತುಂಬಲು ಹತ್ತಿರ ಹತ್ತಿರ 1.4 ಮಿಲಿಸೆಕೆಂಡ್. ಗಡುವಿನ ಲೆಕ್ಕದಲ್ಲಿ ಇದು ಸಾಫ್ಟ್‌ಮೋಡೆಮ್ಮಿನದಕ್ಕಿಂತ ಬಿಗಿ. ಆದರೆ ಪ್ರೊಸೆಸರ್ ಮಾಡಬೇಕಾದ ಕೆಲಸ ಒಂದು ಹಿಡಿ ಬೈಟ್ ಎತ್ತಿಕೊಳ್ಳುವುದಷ್ಟೆ. ತಪ್ಪಿದರೂ ಕಳೆಯುವುದು ಒಂದು ಪ್ಯಾಕೆಟ್. ಅದನ್ನು ಮತ್ತೆ ತರಿಸಿಕೊಳ್ಳಬಹುದು. ಲೈನಿನ ಮೇಲಿನ ಅಲೆಯನ್ನು ಡಬ್ಬಿಯೊಳಗಿನ ಡಿಎಸ್‌ಪಿ ನೋಡಿಕೊಳ್ಳುತ್ತಿರುತ್ತದೆ, ಅದಕ್ಕೆ ಸ್ಕ್ಯಾನರಿನ ಸುದ್ದಿಯೇ ಗೊತ್ತಿಲ್ಲ. ಎರಡೂ ಜಾತಿಗಿರುವ ಮುಖ್ಯ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಇದೇ. ವೇಗ, ಗುಣಮಟ್ಟ ಎಂಬ ಮಾತೆಲ್ಲ ಆಮೇಲಿನದು.

ಅದಲು ಬದಲು

ಇನ್ನೊಬ್ಬ ಗಿರಾಕಿಯಿಂದ ಕಡ ತಂದ ಸೀರಿಯಲ್ ಮೋಡೆಮ್ಮನ್ನು ಅದೇ ಕಂಪ್ಯೂಟರಿಗೆ, ಅದೇ ಲೈನಿಗೆ ಸಿಕ್ಕಿಸಿದೆ. ಮೊದಲ ಉತ್ತರ: ಡಯಲ್ ಟೋನ್ ಇಲ್ಲ. ರಿಸೀವರ್ ಎತ್ತಿದರೆ ಟೋನ್ ಚೆನ್ನಾಗಿಯೇ ಕೇಳುತ್ತಿತ್ತು. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಬೆರಕೆ. ನಮ್ಮದು 400 ಹರ್ಟ್ಸ್ ದನಿಯ ಮೇಲೆ 25 ಹರ್ಟ್ಸ್ ಏರಿಳಿತ. ಅಲ್ಲಿಗೆಂದು ಹೊಂದಿಸಿದ ಮೋಡೆಮ್ ಇದನ್ನು ಟೋನ್ ಎಂದು ಒಪ್ಪುವುದಿಲ್ಲ. ಮೋಡೆಮ್ಮಿಗೆ ಮೊದಲು ಕಳಿಸುವ ಆಜ್ಞೆಗಳ (ಇನಿಶಿಯಲೈಸೇಶನ್) ಸಾಲಿಗೆ ಎಕ್ಸ್3 ಸೇರಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಹಾಗೆ ಮಾಡಿದ ಮೇಲೆ ಕನೆಕ್ಟ್ ಆಯಿತು, ಪರದೆಯ ಮೇಲೆ 1,15,200 ಎಂದು ಬಂತು. ಮಾಲೀಕರ ಮುಖ ಅರಳಿತು. ಅದು ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವಿನ ಪೋರ್ಟಿನ ವೇಗ, ಲೈನಿನದಲ್ಲ ಎಂದು ಹೇಳಬೇಕಾಯಿತು. ಲೈನಿನ ವೇಗ ತೋರಿಸುವಂತೆ ಡಬ್ಲ್ಯೂ2 ಸೇರಿಸಿ ನೋಡಿದರೆ 41333. ಹಳೆಯ ಕಾರ್ಡಿಗಿಂತ ಒಂದು ಮೆಟ್ಟಿಲು ಕೆಳಗೇ.

"ಇಷ್ಟು ದುಡ್ಡಿಗೆ ಇದು ಸ್ಲೋ ಅಲ್ವಾ?" ಅಂದರು. ಉತ್ತರ ಕೊಡುವ ಬದಲು ಸ್ಕ್ಯಾನರ್ ಓಡಿಸಿದೆ. ಡಬ್ಬಿಯ ಮೇಲಿನ, ಕ್ಯಾರಿಯರ್ ಇದೆ ಎಂದು ತೋರಿಸುವ ಸಿಡಿ ದೀಪ ಅಲುಗಾಡದೆ ಉರಿಯುತ್ತಿತ್ತು, ಡೇಟಾ ಬರುವುದನ್ನು ತೋರಿಸುವ ಆರ್‌ಡಿ ದೀಪ ಒಂದೆರಡು ಸೆಕೆಂಡ್ ತಡೆದು ಮತ್ತೆ ಮಿಣುಕಿತು. ಫ್ಲಾಪಿ ಹಾಕಿದೆ, ಸ್ಕ್ಯಾನ್ ಮಾಡುತ್ತಲೇ ಪ್ರಿಂಟ್ ಕೊಟ್ಟೆ. ಪೇಜ್ ತೆರೆಯುವುದು ನಿಧಾನವಾಯಿತು, ಸಂಪರ್ಕ ಕಡಿಯಲಿಲ್ಲ.

ಆಮೇಲೆ ಹಳೆಯ ಕಾರ್ಡನ್ನು ಅಂಗಡಿಯ ಮೂರನೇ ಕಂಪ್ಯೂಟರಿಗೆ ಹಾಕಿದೆ. ಅದು 1.1 ಗಿಗಾಹರ್ಟ್ಸ್‌ನದು, ಸ್ಕ್ಯಾನರ್ ಇಲ್ಲ. ಅಲ್ಲಿ ಅದೇ ಕಾರ್ಡು ಗಂಟೆಗಟ್ಟಲೆ ನಿಂತಿತು, 42666ರಲ್ಲೇ. ಯಾರಾದರೂ ಫ್ಲಾಪಿ ಹಾಕಿದಾಗ ಮಾತ್ರ ತಡವರಿಸುತ್ತಿತ್ತು. ಕಾರ್ಡು ಕೆಟ್ಟಿರಲಿಲ್ಲ, ಕಂಪ್ಯೂಟರ್ ಕೊಟ್ಟವರ ಮಾತು ಅಷ್ಟರ ಮಟ್ಟಿಗೆ ನಿಜ. ಹಾಗಾದರೆ ಅಲ್ಲೇ ಬಿಡಬಹುದಿತ್ತಲ್ಲ? ಅದು ಗಿರಾಕಿಗಳು ಕೂರುವ ಯಂತ್ರ. ಒಬ್ಬ ಗೇಮ್ ಹಾಕುತ್ತಾನೆ, ಇನ್ನೊಬ್ಬ ಹ್ಯಾಂಗ್ ಆಯಿತೆಂದು ಸ್ವಿಚ್ ಒತ್ತುತ್ತಾನೆ, ಮೂವರ ಇಂಟರ್‌ನೆಟ್ಟೂ ಹೋಗುತ್ತದೆ.

ಲೈನ್‌ಮನ್ ಎರಡನೇ ಸಲ ಬಂದಾಗ

"ಏನೂ ಇಲ್ಲ, ಸುಮ್ನೆ ಕಟ್" ಎಂಬ ಸಾಲುಗಳು ಬಾಕಿ ಇದ್ದವು. ಜೂನ್ ಮಳೆ ಹಿಡಿಯುತ್ತಲೇ ಹೊರಗಿನ ಮೋಡೆಮ್ ಕೂಡ 26400ಕ್ಕೆ ಇಳಿಯಿತು, ದಿನಕ್ಕೆ ಒಂದೆರಡು ಬಾರಿ ಕಡಿಯತೊಡಗಿತು. ಈ ಸಲ ದೂರು ಹೇಳಲು ನಮ್ಮ ಕೈಯಲ್ಲಿ ಪುರಾವೆ ಇತ್ತು: ಒಣ ದಿನದ ಅಂಕಿ, ಮಳೆ ದಿನದ ಅಂಕಿ. ಲೈನ್‌ಮನ್ ಒಳ್ಳೆಯ ಮನುಷ್ಯ. ಕಾಗದ ನೋಡಿ, ಕಿವಿಗಿಟ್ಟು ಕೇಳುವುದನ್ನು ಬಿಟ್ಟು ನೇರ ಕಂಬ ಹತ್ತಿದ. ಡಬ್ಬಿಯೊಳಗಿನ ಜಾಯಿಂಟಿಗೆ ಹಸಿರು ಕಿಲುಬು ಹಿಡಿದಿತ್ತು. ಜೊತೆಗೆ, ಹಿಂದೆ ಮಾಳಿಗೆ ಮನೆಗೆ ಎಳೆದಿದ್ದ ಪ್ಯಾರಲಲ್ ತಂತಿ ಫೋನ್ ತೆಗೆದ ಮೇಲೂ ಲೈನಿಗೇ ಜೋತುಬಿದ್ದಿತ್ತು. ಮಾತಾಡುವವರಿಗೆ ಇಂಥ ತುಂಡು ತಂತಿ ಗೊತ್ತಾಗುವುದೇ ಇಲ್ಲ. ಮೋಡೆಮ್ ಬಳಸುವ ಮೇಲಿನ ಆವರ್ತನಗಳನ್ನು ಮಾತ್ರ ಅದು ಕೆಡಿಸುತ್ತದೆ. ಎರಡನ್ನೂ ಸರಿಮಾಡಿದ ಮೇಲೆ ಮಳೆಯಲ್ಲೂ 44000 ಸಿಕ್ಕಿತು.

ಊರಿನ ಎಕ್ಸ್‌ಚೇಂಜ್ ಡಿಜಿಟಲ್ ಆಗಿದ್ದದ್ದು ಅದೃಷ್ಟ. ವಿ.90 ನಡೆಯಬೇಕಾದರೆ ಇಂಟರ್‌ನೆಟ್ ಒದಗಿಸುವ ಐಎಸ್‌ಪಿಯಿಂದ ನಮ್ಮ ಎಕ್ಸ್‌ಚೇಂಜಿನ ತನಕ ಎಲ್ಲ ಅಂಕಿಯಲ್ಲೇ ಬಂದು, ಕೊನೆಯ ತಂತಿಯ ಮೇಲೆ ಮಾತ್ರ ದನಿಯಾಗಬೇಕು. ದೂರಸಂಪರ್ಕ ತಂತ್ರಜ್ಞಾನಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಹಾಕಿತ್ತು. ಅಂಥವು ಹಳ್ಳಿ ಹಳ್ಳಿಗೆ ಬಂದಿರದಿದ್ದರೆ 56ಕೆ ಎಂಬುದು ಡಬ್ಬಿಯ ಮೇಲಿನ ಬರಹವಾಗಿಯೇ ಉಳಿಯುತ್ತಿತ್ತು.

ಡಬ್ಬಿಯ ಮೋಡೆಮ್ಮಿನ ತಂಟೆಗಳು

ಹಾರ್ಡ್‌ವೇರ್ ಮೋಡೆಮ್ ತಂದರೆ ಕಷ್ಟ ಮುಗಿಯಿತು ಎನ್ನುವಂತಿಲ್ಲ. ಅದರ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಹಾಕಿದ್ದರು. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್ ಮೇಲೆ ಬದುಕಿರುತ್ತಿತ್ತು, ಮೋಡೆಮ್ ಸತ್ತಿರುತ್ತಿತ್ತು. ಒಳಗಿನ ಕಾರ್ಡಿಗೆ ಈ ತಾಪತ್ರಯ ಇರಲಿಲ್ಲ. ಇನ್ನೊಂದು ಜೇಬಿಗೇ ತಟ್ಟಿದ್ದು. ಸಾಫ್ಟ್‌ಮೋಡೆಮ್ ಇದ್ದಾಗ ಕಂಪ್ಯೂಟರ್ ಹ್ಯಾಂಗ್ ಆದರೆ ಕರೆಯೂ ಅದರ ಜೊತೆಗೇ ಸಾಯುತ್ತಿತ್ತು. ಡಬ್ಬಿಯದು ಹಾಗಲ್ಲ, ಕಂಪ್ಯೂಟರ್ ಕಲ್ಲಾದರೂ ತನ್ನ ಪಾಡಿಗೆ ಲೈನ್ ಹಿಡಿದು ಕೂತಿರುತ್ತದೆ. ಒಂದು ರಾತ್ರಿ ಹ್ಯಾಂಗ್ ಆದ ಯಂತ್ರದ ಮಾನಿಟರ್ ಮಾತ್ರ ಆರಿಸಿ ಮನೆಗೆ ಹೋದರು, ಆ ಬದಿಯವರು ಕಡಿಯುವವರೆಗೂ ಮೀಟರ್ ಓಡಿತು. ಎಸ್30 ರಿಜಿಸ್ಟರಿಗೆ 60 ಕೊಟ್ಟೆ. ಆ ಮೋಡೆಮ್‌ನಲ್ಲಿ ಅದರ ಲೆಕ್ಕ ಹತ್ತು ಸೆಕೆಂಡಿಗೊಂದು, ಅಂದರೆ ಹತ್ತು ನಿಮಿಷ ಡೇಟಾ ಓಡಾಡದಿದ್ದರೆ ತಾನೇ ಫೋನ್ ಇಡುತ್ತದೆ.

ಕೊನೆಗೆ ಮಾಡಿದ ಏರ್ಪಾಡು ಬೇರೆಯೇ. ಅಟ್ಟದಲ್ಲಿ ಪೆಂಟಿಯಂಗೂ ಹಿಂದಿನ ಒಂದು 486 ಕಂಪ್ಯೂಟರ್ ಬಿದ್ದಿತ್ತು, 16 ಎಂಬಿ ರ‍್ಯಾಮಿನದು. ಪತ್ರಿಕೆಯೊಂದರ ಜೊತೆ ಬಂದಿದ್ದ ಹಳೆಯ ಲಿನಕ್ಸ್ ಸಿಡಿಯಿಂದ ಅದನ್ನು ಎಬ್ಬಿಸಿ, ಹೊರಗಿನ ಮೋಡೆಮ್ ಸಿಕ್ಕಿಸಿ, ಮೂರೂ ಕಂಪ್ಯೂಟರಿಗೆ ಅದರಿಂದಲೇ ಇಂಟರ್‌ನೆಟ್ ಹಂಚಿದೆವು. ಸಾಫ್ಟ್‌ಮೋಡೆಮ್ ಕಾರ್ಡನ್ನು ಅಲ್ಲಿ ಬಳಸುವ ಮಾತೇ ಇರಲಿಲ್ಲ. ಆ ಬೋರ್ಡಿಗೆ ಪಿಸಿಐ ಸ್ಲಾಟ್ ಇಲ್ಲ, ಇದ್ದಿದ್ದರೂ ಅಲೆಯ ಲೆಕ್ಕ ಹಾಕುವ ತಾಕತ್ತು ಪ್ರೊಸೆಸರಿಗಿಲ್ಲ, ಇವೆರಡೂ ಇದ್ದಿದ್ದರೂ ಲಿನಕ್ಸಿಗೆ ಆ ಕಾರ್ಡಿನ ಡ್ರೈವರ್ ಸಿಕ್ಕಿರಲಿಲ್ಲ. ಹಾರ್ಡ್‌ವೇರ್ ಮೋಡೆಮ್‌ಗೆ ಡ್ರೈವರ್ ಬೇಕಿಲ್ಲ. ಎಟಿ ಆಜ್ಞೆ ಕಳಿಸಲು ಬರುವ ಯಾವ ಯಂತ್ರವಾದರೂ ಸೈ.

ಒಂದೇ ಅಡ್ಡಿ ಬಂತು. ಲಿನಕ್ಸಿನಲ್ಲಿ ಸೆಟ್‌ಸೀರಿಯಲ್ ಆಜ್ಞೆ ಕೊಟ್ಟರೆ ಪೋರ್ಟಿನ ಚಿಪ್ 16450 ಎಂದು ತೋರಿಸಿತು, ಅಂದರೆ ಬಫರೇ ಇಲ್ಲದ್ದು. 1,15,200ರಲ್ಲಿ ಬೈಟ್‌ಗಳು ಉದುರುತ್ತಿದ್ದವು, 38,400ಕ್ಕೆ ಇಳಿಸಿದರೆ 44000ದ ಲೈನಿಗೆ ಪೋರ್ಟೇ ಕಡಿಮೆಯಾಗುತ್ತಿತ್ತು. ಗುಜರಿಯಲ್ಲಿ ಸಿಕ್ಕ, ಪೋರ್ಟುಗಳಿರುವ ಒಂದು ಐ/ಓ ಕಾರ್ಡಿನಲ್ಲಿ 16550 ಇತ್ತು, ಅದನ್ನು ಹಾಕಿದ ಮೇಲೆ ಸರಿಹೋಯಿತು.

ಹಳೆಯ ಮೋಡೆಮ್ ಕಾರ್ಡು ಮೂರನೇ ಕಂಪ್ಯೂಟರಿನಲ್ಲೇ ಉಳಿದು ಫ್ಯಾಕ್ಸ್ ಕಳಿಸಲು ಬಳಕೆಯಾಯಿತು. ಮರುವರ್ಷ ಏಪ್ರಿಲ್‌ನ ಗುಡುಗು ಮಳೆಗೆ ಡಬ್ಬಿಯ ಮೋಡೆಮ್ ಸುಟ್ಟಿತು, ಜೊತೆಗೆ ಆ ಐ/ಓ ಕಾರ್ಡೂ. 486ರ ಬೋರ್ಡಿಗೆ ಏನೂ ಆಗಲಿಲ್ಲ. ಪಕ್ಕದ ಬೀದಿಯ ಅಂಗಡಿಯಲ್ಲಿ ಅದೇ ಸಿಡಿಲು ಒಳಗಿನ ಕಾರ್ಡಿನ ಮೂಲಕ ಹೊಕ್ಕು ಮದರ್‌ಬೋರ್ಡನ್ನೇ ತೆಗೆದಿತ್ತು. ಹೊಸ ಸೀರಿಯಲ್ ಮೋಡೆಮ್ ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋದರೆ ಕೇಳಿದ ಅಂಗಡಿಗಳಲ್ಲೆಲ್ಲ ಪಿಸಿಐ ಕಾರ್ಡೇ ಇದ್ದದ್ದು. "ಅದನ್ನೆಲ್ಲ ಈಗ ಯಾರು ತಗೊಳ್ತಾರೆ ಸಾರ್" ಅಂದರು. ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಮಾಲೀಕರು ಚೌಕಾಸಿ ಮಾಡದೆ ಕೊಂಡರು.